ನಮ್ಮ ಗಂಧ ಹೋಗಿ ಸೇರುತ್ತಿದ್ದ ಊರು

ನಮ್ಮಜ್ಜನ ಹಲಸಿನ ಮರದ ಪೆಟ್ಟಿಗೆಯಲ್ಲಿ ಕಿರುಬೆರಳುದ್ದದ ಒಂದು ಗಾಜಿನ ಶೀಷೆ ಇತ್ತು. ಒಳಗಿನ ಎಣ್ಣೆ ನಾನು ಹುಟ್ಟುವ ಮುಂಚೆಯೇ ಮುಗಿದಿತ್ತಂತೆ. ಆದರೂ ಬಿರಡೆ ತೆಗೆದು ಮೂಗಿನ ಹತ್ತಿರ ಹಿಡಿದರೆ, ಬೇಸಿಗೆಯಲ್ಲಿ ಕಾದ ಅಂಗಳಕ್ಕೆ ಮೊದಲ ನಾಲ್ಕು ಹನಿ ಬಿದ್ದಾಗ ಏಳುತ್ತದಲ್ಲ, ಆ ಘಮ. ಅಜ್ಜ ಅದನ್ನು ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಕೊಂಡಿದ್ದರು. "ಮಣ್ಣಿನ ಅತ್ತರು ಕಣೋ ಮಗಾ. ಕನೌಜಿಂದ ಬರೋದು. ಆದ್ರೆ ಅದರೊಳಗಿರೋ ಎಣ್ಣೆ ನಮ್ಮ ಗಂಧದ್ದೇ" ಅನ್ನುತ್ತಿದ್ದರು. ಈ ಕಡೆಯ ಮಾತು ನನಗೆ ಆಗ ತಲೆಗೆ ಹೋಗಿರಲಿಲ್ಲ.

ಉತ್ತರಪ್ರದೇಶದ ಈ ಕನೌಜ್ ಶಾಲೆಯಲ್ಲಿ ಇನ್ನೊಂದು ರೂಪದಲ್ಲಿ ಎದುರಾಯಿತು. ಪಾಲರು, ಪ್ರತೀಹಾರರು, ರಾಷ್ಟ್ರಕೂಟರು ಈ ಮೂವರೂ ಕನೌಜಿಗಾಗಿ ಹೊಡೆದಾಡಿದರು, ನಮ್ಮ ರಾಷ್ಟ್ರಕೂಟರು ಗೆದ್ದರು. ಅಷ್ಟು ಬರೆದರೆ ನಾಲ್ಕು ಅಂಕ. ಅವರ ರಾಜಧಾನಿ ಮಾನ್ಯಖೇಟದಿಂದ ಆನೆ ಕುದುರೆ ಕಟ್ಟಿಕೊಂಡು ನರ್ಮದೆ ದಾಟಿ, ವಿಂಧ್ಯ ದಾಟಿ, ಯಮುನೆ ದಾಟಿ ಹೋಗಿ ಗೆಲ್ಲಬೇಕಾದಂಥದ್ದು ಆ ಊರಲ್ಲಿ ಏನಿತ್ತು ಎಂದು ನಾನೂ ಕೇಳಲಿಲ್ಲ, ಮೇಷ್ಟ್ರೂ ಹೇಳಲಿಲ್ಲ. ಗೆದ್ದವರ ಕಡೆಯಿಂದ ಮಾತ್ರ ಒಂದು ಊರನ್ನು ತಿಳಿದುಕೊಂಡರೆ ಹೀಗೇ ಆಗುತ್ತದೆ. ಗೆದ್ದವರ ಬಿರುದುಗಳು ಬಾಯಿಪಾಠವಾಗುತ್ತವೆ, ಊರು ಮಾತ್ರ ಕಾಣುವುದೇ ಇಲ್ಲ.

ಕಳೆದ ವರ್ಷ ಏಪ್ರಿಲ್ ಮೊದಲ ವಾರ ಕೆಲಸದ ಮೇಲೆ ಕಾನ್ಪುರಕ್ಕೆ ಹೋಗಿದ್ದೆ. ಅಲ್ಲಿಂದ ಕನೌಜ್ ಸುಮಾರು 80 ಕಿಲೋಮೀಟರು. ಎರಡು ದಿನ ರಜೆ ಸೇರಿಸಿಕೊಂಡು ಬೆಳಗಿನ ರೈಲು ಹತ್ತಿದೆ. ಕಿಟಕಿಯಾಚೆ ಎರಡೂ ಕಡೆ ಕುಯಿಲಾದ ಗೋಧಿ ಹೊಲ, ಅಗೆದು ಮುಗಿದ ಆಲೂಗಡ್ಡೆ ಹೊಲ, ನಡುನಡುವೆ ಕಿಟಕಿಯೇ ಇಲ್ಲದ ದೊಡ್ಡ ದೊಡ್ಡ ಶೀತಲಗೃಹಗಳು. ಇದು ಆಲೂಗಡ್ಡೆಯ ಸೀಮೆ. ಗಂಗೆ ಯಮುನೆಯರ ನಡುವಿನ ದೋಆಬ್ ನೆಲ ಅಂದರೆ ಕಲ್ಲು ಹುಡುಕಿದರೂ ಸಿಗದ ಮೆಕ್ಕಲು ಮಣ್ಣು. ನಮ್ಮ ಕಡೆ ಎಲ್ಲಿ ಅಗೆದರೂ ಬಂಡೆ ತಾಗುತ್ತದೆ. ಅಲ್ಲಿ ಎಷ್ಟು ಅಗೆದರೂ ಮಣ್ಣೇ. ಆ ಊರಿನ ಕಥೆ ಅರ್ಥವಾಗಬೇಕಾದರೆ ಮೊದಲು ಇದು ತಿಳಿಯಬೇಕು ಅನ್ನುವುದು ನನಗೆ ಆಮೇಲೆ ಹೊಳೆಯಿತು.

ಸ್ಟೇಷನ್ನಿನಿಂದ ಹೊರಬಂದಾಗ ಸಾಮ್ರಾಜ್ಯದ ರಾಜಧಾನಿ ಎನ್ನುವ ಯಾವ ಗುರುತೂ ಇಲ್ಲ. 2011ರ ಜನಗಣತಿಯ ಪ್ರಕಾರ ಊರಿನ ಜನ ಸುಮಾರು 85 ಸಾವಿರ. ಇ-ರಿಕ್ಷಾ, ಮೊಬೈಲ್ ಅಂಗಡಿ, ಗಟ್ಟಾ ಎನ್ನುವ ಸಕ್ಕರೆ ಮಿಠಾಯಿ ಮಾರುವ ಅಂಗಡಿಗಳು. 14ನೇ ಶತಮಾನದಲ್ಲಿ ಇಲ್ಲಿಗೆ ಬಂದ ಯಾತ್ರಿಕ ಇಬ್ನ್ ಬತೂತ, ಊರು ಚೆನ್ನಾಗಿ ಕಟ್ಟಿದ್ದು, ಭದ್ರವಾದ ಕೋಟೆ ಇದೆ, ಸಾಮಾನು ಅಗ್ಗ, ಸಕ್ಕರೆ ಹೇರಳ, ಅದು ದೆಹಲಿಗೂ ಹೋಗುತ್ತದೆ ಎಂದು ಬರೆದಿದ್ದ. ಸಕ್ಕರೆಯ ಮಾತು ಈಗಲೂ ಸುಳ್ಳಲ್ಲ.

ಕೋಟೆ ಎಲ್ಲಿ ಎಂದು ಕೇಳಿದರೆ ಒಂದು ದಿಬ್ಬದ ಕಡೆ ಕೈ ತೋರಿಸಿದರು. 'ರಾಜಾ ಜಯಚಂದನ ಕಿಲ್ಲಾ' ಎನ್ನುತ್ತಾರೆ. ಹುಲ್ಲು, ಜಾಲಿ, ಆಡು ಮೇಯಿಸುವ ಹುಡುಗರು. ಮಳೆಯಲ್ಲಿ ಕೊರೆದ ಒಂದು ಬದುವಿನ ಹತ್ತಿರ ಬಗ್ಗಿ ನೋಡಿದೆ. ಮಣ್ಣಿನ ಪದರದ ಮಧ್ಯೆ ಇಟ್ಟಿಗೆಯ ಸಾಲು, ಅದರ ಮೇಲೆ ಒಂದು ಗೇಣು ಬೂದಿ ಬಣ್ಣದ ಮಣ್ಣು, ಮೇಲೆ ಮತ್ತೆ ಇಟ್ಟಿಗೆ, ಮಡಕೆ ಚೂರು. ಬೆರಳಿನಿಂದ ತಟ್ಟಿದರೆ ಪುಡಿಪುಡಿಯಾಗಿ ಉದುರಿತು. ನಾನು ಐಹೊಳೆ ಪಟ್ಟದಕಲ್ಲು ನೋಡಿ ಬೆಳೆದವನು. ಹಳೆಯದು ಅಂದರೆ ಕಲ್ಲಾಗಿ ನಿಂತಿರಬೇಕು ಎನ್ನುವ ಲೆಕ್ಕ ನನ್ನದು. ಇಲ್ಲಿ ಅರಮನೆಗಳೆಲ್ಲ ಇಟ್ಟಿಗೆಯವು. ಬಿದ್ದ ಮೇಲೆ ಆ ಇಟ್ಟಿಗೆ ಪಕ್ಕದ ಮನೆಯ ಗೋಡೆಯಾಗುತ್ತದೆ, ಉಳಿದದ್ದು ಮತ್ತೆ ಮಣ್ಣಾಗುತ್ತದೆ. ಗಂಗೆಯೂ ಊರು ಬಿಟ್ಟು ದೂರ ಸರಿದಿದ್ದಾಳೆ. ಹಳೆಯ ವರ್ಣನೆಗಳಲ್ಲೆಲ್ಲ ಊರಿನ ಕಾಲು ತೊಳೆಯುತ್ತಿದ್ದ ನದಿಯನ್ನು ನೋಡಲು ಈಗ ರಿಕ್ಷಾ ಮಾಡಿಕೊಂಡು ಹೋಗಬೇಕು.

ಊರಿನ ಹೆಸರಿನ ಕಥೆ ರಾಮಾಯಣದ ಬಾಲಕಾಂಡದಲ್ಲಿದೆ. ಕುಶನಾಭನೆಂಬ ರಾಜನಿಗೆ ನೂರು ಹೆಣ್ಣುಮಕ್ಕಳು. ವಾಯುದೇವ ಅವರನ್ನು ಕಂಡು ಮೋಹಿಸಿ, ನನ್ನನ್ನು ಮದುವೆಯಾಗಿ ಎಂದ. ನಮ್ಮ ಮದುವೆ ನಿಶ್ಚಯಿಸುವವನು ಅಪ್ಪ, ನಿನ್ನ ಮಾತಿಗೆ ಒಪ್ಪುವುದಿಲ್ಲ ಎಂದರು ಹುಡುಗಿಯರು. ಸಿಟ್ಟುಗೊಂಡ ವಾಯು ಅವರ ಮೈಯೊಳಗೆ ಹೊಕ್ಕು ಬೆನ್ನು ಬಗ್ಗಿಸಿಬಿಟ್ಟ. ಕನ್ಯೆಯರು ಕುಬ್ಜೆಯರಾದ ಜಾಗ ಕಾನ್ಯಕುಬ್ಜ, ಅದೇ ಬಾಯಿಂದ ಬಾಯಿಗೆ ಸವೆದು ಕನೌಜ್. ಒಲ್ಲೆ ಎಂದದ್ದಕ್ಕೆ ಬೆನ್ನು ಮುರಿಸಿಕೊಂಡ ಹುಡುಗಿಯರ ಹೆಸರನ್ನು ಒಂದು ಊರು ಸಾವಿರಾರು ವರ್ಷ ಹೊತ್ತುಕೊಂಡು ಬಂದಿದೆ. ಆ ದಿಬ್ಬದ ಮೇಲೆ ಕೂತು ಇದನ್ನು ನೆನೆದಾಗ ಸಂಕಟವಾಯಿತು.

ಈ ಊರು ದೊಡ್ಡದಾದದ್ದೂ ಒಬ್ಬ ಹೆಣ್ಣುಮಗಳಿಂದಲೇ. ಸ್ಥಾಣೇಶ್ವರದ ರಾಜಕುಮಾರಿ ರಾಜ್ಯಶ್ರೀಯನ್ನು ಕನೌಜಿನ ಮೌಖರಿ ದೊರೆ ಗ್ರಹವರ್ಮನಿಗೆ ಕೊಟ್ಟಿದ್ದರು. ಮಾಳವದ ರಾಜ ಗ್ರಹವರ್ಮನನ್ನು ಕೊಂದು ಆಕೆಯನ್ನು ಸೆರೆಗೆ ಹಾಕಿದ. ಬಿಡಿಸಲು ಹೋದ ಅಣ್ಣ ರಾಜ್ಯವರ್ಧನನೂ ಹತನಾದ. ಆಕೆ ತಪ್ಪಿಸಿಕೊಂಡು ವಿಂಧ್ಯದ ಕಾಡು ಸೇರಿದಳು. ಇನ್ನೊಬ್ಬ ಅಣ್ಣ ಹುಡುಕಿಕೊಂಡು ಹೋಗಿ, ಆಕೆ ಬೆಂಕಿಗೆ ಬೀಳುವ ಹೊತ್ತಿಗೆ ಸರಿಯಾಗಿ ಮುಟ್ಟಿ ಉಳಿಸಿದ. ಆ ಅಣ್ಣನೇ ಹರ್ಷವರ್ಧನ. ಇದನ್ನೆಲ್ಲ ಅವನ ಆಸ್ಥಾನದ ಬಾಣಭಟ್ಟನೇ ಬರೆದಿಟ್ಟಿದ್ದಾನೆ. ಹರ್ಷ 606ರಲ್ಲಿ ಪಟ್ಟಕ್ಕೆ ಬಂದು, ಮುಂದೆ ತನ್ನ ರಾಜಧಾನಿಯನ್ನೇ ತಂಗಿಯ ಊರಿಗೆ ತಂದ. ಚೀನಾದ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಕಂಡದ್ದು ಈ ಕನೌಜನ್ನು. ನೂರು ವಿಹಾರಗಳು, ಹತ್ತು ಸಾವಿರ ಭಿಕ್ಷುಗಳು, ಇನ್ನೂರಕ್ಕೂ ಹೆಚ್ಚು ದೇವಾಲಯಗಳು, ಹೂದೋಟ, ಕನ್ನಡಿಯಂಥ ಕೊಳಗಳು. 643ರಲ್ಲಿ ಹರ್ಷ ಇಲ್ಲಿ ನಡೆಸಿದ ಧರ್ಮಸಭೆಯಲ್ಲಿ ಆ ಯಾತ್ರಿಕನೇ ಮುಖ್ಯ ಅತಿಥಿ.

ಅದೇ ಯಾತ್ರಿಕ ದಕ್ಷಿಣಕ್ಕೂ ಬಂದು ಇಮ್ಮಡಿ ಪುಲಿಕೇಶಿಯ ನಾಡನ್ನು ನೋಡಿ, ಹರ್ಷನಿಗೆ ಈ ಜನರನ್ನು ಮಣಿಸಲು ಆಗಲಿಲ್ಲ ಎಂದು ಬರೆದ. ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮೇಲೆ ಪುಲಿಕೇಶಿಯ ಕವಿ ರವಿಕೀರ್ತಿ 634ರಲ್ಲಿ ಕೆತ್ತಿಸಿದ ಸಾಲು ನಮ್ಮಲ್ಲಿ ಅನೇಕರಿಗೆ ಬಾಯಿಗೆ ಬರುತ್ತದೆ: 'ಭಯವಿಗಲಿತಹರ್ಷೋ ಯೇನ ಚಾಕಾರಿ ಹರ್ಷಃ'. ಹರ್ಷನ ಹರ್ಷ ಭಯದಿಂದ ಕರಗಿಹೋಯಿತು. ಆ ಗುಡ್ಡ ಹತ್ತಿ ಆ ಅಕ್ಷರಗಳನ್ನು ಬೆರಳಲ್ಲಿ ತಡವಿದ ದಿನ ನಾನೂ ಉಬ್ಬಿದ್ದೆ. ಕನೌಜಿನ ದಿಬ್ಬದ ಮೇಲೆ ಕೂತಾಗ ಅದೇ ಸಾಲು ನೆನಪಾಯಿತು, ಆದರೆ ಈ ಸಲ ಕಣ್ಣ ಮುಂದೆ ಬಂದದ್ದು ಕಾಡಿನಲ್ಲಿ ತಂಗಿಯನ್ನು ಹುಡುಕುತ್ತಿದ್ದ ಅಣ್ಣ.

ಹರ್ಷನ ತರುವಾಯ ಕನೌಜ್ ಬರೀ ಊರಾಗಿ ಉಳಿಯಲಿಲ್ಲ. ಅದನ್ನು ಹಿಡಿದವನೇ ಉತ್ತರಾಪಥದ ಒಡೆಯ ಎನ್ನುವ ನಂಬಿಕೆ ಬಂತು. ನಂಬಿಕೆಯ ಅಡಿಯಲ್ಲಿ ಲೆಕ್ಕಾಚಾರವೂ ಇತ್ತು. ದೋಆಬಿನ ಬೆಳೆ, ಗಂಗೆಯ ದೋಣಿ ವ್ಯಾಪಾರ, ಪೂರ್ವದ ಬಂಗಾಳಕ್ಕೂ ಪಶ್ಚಿಮದ ದಾರಿಗಳಿಗೂ ನಡುವಿನ ಕೀಲು. ಬಂಗಾಳದ ಧರ್ಮಪಾಲ ತನ್ನ ಕಡೆಯ ಚಕ್ರಾಯುಧನನ್ನು ಅಲ್ಲಿ ಕೂರಿಸಿದ. ಪ್ರತೀಹಾರರು ಅದನ್ನು ಕಿತ್ತುಕೊಂಡು ರಾಜಧಾನಿ ಮಾಡಿಕೊಂಡರು, ಮಿಹಿರಭೋಜನ ಕಾಲಕ್ಕೆ ಅದು ಉತ್ತರದ ಅತಿ ದೊಡ್ಡ ರಾಜ್ಯದ ಪಟ್ಟಣ. ನಮ್ಮ ರಾಷ್ಟ್ರಕೂಟ ದೊರೆ ಧ್ರುವ ಹೋಗಿ ಪಾಲ ಪ್ರತೀಹಾರರಿಬ್ಬರನ್ನೂ ಸೋಲಿಸಿ ಬಂದ. ಅವನ ಮಗ ಮುಮ್ಮಡಿ ಗೋವಿಂದನ ಕುದುರೆಗಳು ಹಿಮಾಲಯದ ಝರಿಯ ನೀರು ಕುಡಿದವು ಎನ್ನುತ್ತದೆ ಸಂಜಾನ್ ತಾಮ್ರಶಾಸನ. ಇಷ್ಟೆಲ್ಲ ಮಾಡಿದರೂ ರಾಷ್ಟ್ರಕೂಟರು ಅಲ್ಲಿ ನಿಲ್ಲಲಿಲ್ಲ. ಹೋದರು, ಗೆದ್ದರು, ತಿರುಗಿ ಬಂದರು. ದಖ್ಖನದಿಂದ ಅಷ್ಟು ದೂರದ ನೆಲವನ್ನು ಆಳುವುದು ಆಗದ ಮಾತು. ಅವರಿಗೆ ಬೇಕಿದ್ದುದು ನೆಲಕ್ಕಿಂತ ಹೆಸರು.

916ರ ಸುಮಾರಿಗೆ ಮುಮ್ಮಡಿ ಇಂದ್ರ ಮಾಡಿದ ದಾಳಿ ಎಲ್ಲಕ್ಕಿಂತ ಕಠೋರವಾದದ್ದು. ಅವನ ಮಗ ನಾಲ್ವಡಿ ಗೋವಿಂದನ ಕಾಲದ 930ರ ಖಂಭಾತ್ ಶಾಸನ ಅದನ್ನು ವರ್ಣಿಸುತ್ತದೆ. ಮದ್ದಾನೆಗಳು ದಂತದಿಂದ ತಿವಿದು ಕಾಲಪ್ರಿಯ ದೇವಾಲಯದ ಅಂಗಳ ಹಳ್ಳಕೊಳ್ಳವಾಯಿತು, ಕುದುರೆಗಳು ಸಮುದ್ರದಂಥ ಯಮುನೆಯನ್ನು ಈಜಿದವು, ಮಹೋದಯವೆಂಬ ಶತ್ರುನಗರ ಬುಡಸಮೇತ ಕಿತ್ತುಹೋಯಿತು. ಕೊನೆಗೊಂದು ಶ್ಲೇಷೆ. ಮಹೋದಯ, ಕುಶಸ್ಥಲ ಎರಡೂ ಕನೌಜಿಗಿದ್ದ ಹಳೆಯ ಹೆಸರುಗಳೇ. ಮಹೋದಯ ಅಂದರೆ ದೊಡ್ಡ ಏಳಿಗೆ. ನಮ್ಮವರು ಹಾಳು ಮಾಡಿದ ಮೇಲೆ ಅಲ್ಲಿ ದರ್ಭೆಹುಲ್ಲು ಬಿಟ್ಟರೆ ಬೇರೇನೂ ಉಳಿಯದೆ ಜನ ಅದನ್ನು ಕುಶಸ್ಥಲ ಎನ್ನುತ್ತಾರೆ ಎಂದು ಕವಿ ಹೇಳುತ್ತಾನೆ. ಮೂರು ಶತಮಾನದ ಅಂತರದಲ್ಲಿ ನಮ್ಮ ಕಡೆಯ ಇಬ್ಬರು ಕವಿಗಳು ಇದೇ ಊರಿನ ಮೇಲೆ ಎರಡು ಶ್ಲೇಷೆ ಕಟ್ಟಿದರು, ಒಂದು ಕಲ್ಲಿನಲ್ಲಿ, ಒಂದು ತಾಮ್ರದಲ್ಲಿ.

ಪಂಪನೂ ಈ ದಂಡಯಾತ್ರೆಯನ್ನು ಬಿಟ್ಟಿಲ್ಲ. ಅವನ ಆಶ್ರಯದಾತ ಅರಿಕೇಸರಿಯ ತಂದೆ ನರಸಿಂಹ ರಾಷ್ಟ್ರಕೂಟರ ಸಾಮಂತನಾಗಿ ಆ ಸೈನ್ಯದ ಮುಂದಿದ್ದವನು. ಸಿಡಿಲಿನಂತೆ ಎರಗಿದ ಅವನ ಪಡೆಗೆ ಹೆದರಿ ಮಹೀಪಾಲ ಉಂಡಲ್ಲಿ ಉಣ್ಣದೆ, ಮಲಗಿದಲ್ಲಿ ಮಲಗದೆ, ನಿಂತಲ್ಲಿ ನಿಲ್ಲದೆ ಓಡಿದ ಎನ್ನುತ್ತದೆ ಪಂಪಭಾರತದ ಮೊದಲ ಆಶ್ವಾಸ. ಕನ್ನಡದ ಆದಿಕವಿಯ ಬಾಯಲ್ಲಿ ಕನೌಜಿನ ದೊರೆ ಹೀಗೆ ಶಾಶ್ವತವಾಗಿ ಓಡುತ್ತಲೇ ಇದ್ದಾನೆ.

ಆ ಮಹೀಪಾಲನ ಆಸ್ಥಾನದಲ್ಲಿ ಯಾರಿದ್ದರು ಎಂದು ನೋಡಿದಾಗ ನನಗೆ ನಿಜವಾಗಿಯೂ ಮೈ ಜುಮ್ಮೆಂದಿತು. ರಾಜಶೇಖರ. ಕಾವ್ಯಮೀಮಾಂಸೆ ಬರೆದ ರಾಜಶೇಖರ. ಮಹೀಪಾಲನಿಗೂ ಅವನ ತಂದೆ ಮಹೇಂದ್ರಪಾಲನಿಗೂ ಬೇಕಾದವನು. ಹೆಂಡತಿ ಅವಂತಿಸುಂದರಿಯ ಅಭಿಪ್ರಾಯಗಳನ್ನು ಅವಳ ಹೆಸರು ಹೇಳಿಯೇ ತನ್ನ ಗ್ರಂಥದಲ್ಲಿ ದಾಖಲಿಸಿದ ಅಪರೂಪದ ವಿದ್ವಾಂಸ. ಯಾವ ಯಾವ ನಾಡಿನವರು ಕಾವ್ಯವನ್ನು ಹೇಗೆ ಓದುತ್ತಾರೆ ಎಂದು ಅವನು ಒಂದು ಕಡೆ ಹೇಳುತ್ತಾನೆ. ಕನೌಜಿನ ಸೀಮೆಯಾದ ಪಾಂಚಾಲದ ಕವಿಗಳು ಓದಿದರೆ ಕಿವಿಗೆ ಜೇನು ಸುರಿದಂತೆ. ಕರ್ಣಾಟರೋ, ರಸ ಯಾವುದೇ ಇರಲಿ, ರೀತಿ ಯಾವುದೇ ಇರಲಿ, ಗುಣ ಯಾವುದೇ ಇರಲಿ, ಎಲ್ಲರೂ ಹೆಮ್ಮೆಯಿಂದ, ಕೊನೆಯಲ್ಲಿ ಟಂಕಾರ ಹೊಡೆದೇ ಓದುತ್ತಾರೆ.

ಈ ಸಾಲು ನನಗೆ ಎಷ್ಟು ಪ್ರಿಯವಾಯಿತೆಂದರೆ ಅವತ್ತು ದಿನವೆಲ್ಲ ಅದನ್ನೇ ಗುನುಗುತ್ತಿದ್ದೆ. ಟಂಕಾರ ಎನ್ನುವುದು ಬಿಲ್ಲಿನ ಹೆದೆ ಮಿಡಿದಾಗ ಬರುವ ಸದ್ದು. ನಮ್ಮ ಗಮಕಿಗಳು ಕುಮಾರವ್ಯಾಸನ ಷಟ್ಪದಿಯ ಕೊನೆಗೆ ತಂದು ನಿಲ್ಲಿಸುವ ಆ ಒತ್ತನ್ನು ಕೇಳಿದವರಿಗೆ ರಾಜಶೇಖರ ಏನು ಹೇಳುತ್ತಿದ್ದಾನೆ ಎಂದು ತಕ್ಷಣ ಗೊತ್ತಾಗುತ್ತದೆ. ಹೀಗೆ ಬರೆಯಬೇಕಾದರೆ ಅವನು ಕನ್ನಡ ನಾಡಿನವರು ಕಾವ್ಯ ಓದುವುದನ್ನು ಹತ್ತಿರ ಕೂತು ಕೇಳಿರಬೇಕು. ಆನೆ ಕುದುರೆಗಳಷ್ಟೇ ಆ ದಾರಿಯಲ್ಲಿ ಹೋಗಿ ಬಂದದ್ದಲ್ಲ, ದನಿಗಳೂ ಹೋಗಿವೆ. ಪಾಠಪುಸ್ತಕದಲ್ಲಿ ಧ್ರುವ, ಗೋವಿಂದ, ಇಂದ್ರರ ಪಕ್ಕದಲ್ಲಿ ಈ ಒಂದು ಸಾಲು ಇದ್ದಿದ್ದರೆ ಕನೌಜ್ ನಮಗೆ ಊರಾಗಿ ಕಾಣುತ್ತಿತ್ತು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಪ್ರತೀಹಾರರು ಸೊರಗಿದರು. 1018ರಲ್ಲಿ ಘಜ್ನಿಯ ಮಹಮೂದ್ ಬಂದಾಗ ದೊರೆ ಪಟ್ಟಣ ಬಿಟ್ಟು ಹೋಗಿದ್ದ. ಕೆಲವೇ ವರ್ಷಗಳ ನಂತರ ವಿದ್ವಾಂಸ ಅಲ್ಬೆರೂನಿ, ಊರಿನ ಹೆಚ್ಚಿನ ಭಾಗ ಹಾಳುಬಿದ್ದಿದೆ ಎಂದು ಬರೆದ. ಆಮೇಲೆ ಆಳಿದ ಗಾಹಡವಾಲ ವಂಶದವರ ಕಾಲದಲ್ಲಿ ಮತ್ತೆ ಸ್ವಲ್ಪ ಉಸಿರಾಡಿತು. ಆ ಆಸ್ಥಾನದ ಕವಿ ಶ್ರೀಹರ್ಷ, ತನಗೆ ಕಾನ್ಯಕುಬ್ಜದ ದೊರೆಯಿಂದ ಎರಡು ವೀಳ್ಯ ಮತ್ತು ಆಸನದ ಗೌರವ ಸಿಗುತ್ತಿತ್ತು ಎಂದು ತನ್ನ ನೈಷಧ ಕಾವ್ಯದ ಕೊನೆಗೆ ಅಭಿಮಾನದಿಂದ ಹೇಳಿಕೊಂಡಿದ್ದಾನೆ. 1194ರಲ್ಲಿ ಚಂದಾವರದ ಯುದ್ಧದಲ್ಲಿ ಅದೇ ವಂಶದ ದೊರೆ ಜಯಚಂದ್ರ ಸತ್ತ. 1540ರಲ್ಲಿ ಶೇರ್ ಶಾ ಹುಮಾಯೂನನನ್ನು ಸೋಲಿಸಿ ಹಿಂದೂಸ್ತಾನದಿಂದಲೇ ಓಡಿಸಿದ್ದು ಇದೇ ಊರಿನ ಹತ್ತಿರ. ಹುಮಾಯೂನ್ ಗಂಗೆ ದಾಟಿ ಜೀವ ಉಳಿಸಿಕೊಂಡ.

ಜಯಚಂದ್ರನ ವಿಷಯ ಮಾತ್ರ ಹಾಗೆ ದಾಟಿ ಹೋಗಲು ಮನಸ್ಸಿಲ್ಲ. ಹಿಂದಿಯಲ್ಲಿ 'ಜೈಚಂದ್' ಅಂದರೆ ದ್ರೋಹಿ. ಪೃಥ್ವೀರಾಜನ ಮೇಲಿನ ಹಗೆಗೆ ಘೋರಿಯನ್ನು ಕರೆಸಿದ ಎನ್ನುವ ಕಥೆ. ಅದನ್ನು ಹಬ್ಬಿಸಿದ್ದು ಶತಮಾನಗಳ ಮೇಲೆ ಈಗಿನ ರೂಪ ಪಡೆದ ರಾಸೋ ಕಾವ್ಯಗಳು. ಇತಿಹಾಸ ಹೇಳುವಷ್ಟರ ಮಟ್ಟಿಗೆ ಅವನು ಘೋರಿಯ ಸೈನ್ಯದ ವಿರುದ್ಧ ಹೋರಾಡುತ್ತಲೇ ಸತ್ತವನು. ಚಹಾ ಅಂಗಡಿಯಲ್ಲಿ ಒಬ್ಬ ಹಿರಿಯರು, "ಎಲ್ಲಿಗೆ ಹೋದರೂ ಊರು ಯಾವುದು ಅಂತ ಕೇಳ್ತಾರೆ. ಕನೌಜ್ ಅಂದ್ರೆ ಕೆಲವರು ಅತ್ತರು ಅಂತಾರೆ, ಕೆಲವರು ಜೈಚಂದ್ ಅಂತಾರೆ. ಯುದ್ಧದಲ್ಲಿ ಪ್ರಾಣ ಕೊಟ್ಟವನಿಗೆ ಇದು ನ್ಯಾಯವಾ, ನೀವೇ ಹೇಳಿ ಭಾಯಿಸಾಬ್" ಎಂದರು. ನನಗೆ ಏನೂ ಹೇಳಲು ತೋಚಲಿಲ್ಲ.

ಇನ್ನು ಅತ್ತರು. ಹಳೆಯ ಊರಿನ ಓಣಿಗಳಿಗೆ ಬೆಳಿಗ್ಗೆ ಆರಕ್ಕೆ ಹೋದೆ. ಮೂರು ಘಮಗಳು ಒಂದರ ಮೇಲೊಂದು ಬರುತ್ತಿದ್ದವು: ಸುಡುವ ಬೆರಣಿಯ ಹೊಗೆ, ಒದ್ದೆ ಜೇಡಿಮಣ್ಣು, ಗುಲಾಬಿ. ಬೆಳಕು ಹರಿಯುವ ಮುಂಚೆ ಕೊಯ್ದ ಹೂವು ಗೋಣಿಚೀಲದಲ್ಲಿ ಸೈಕಲ್ ಮೇಲೆ, ಟೆಂಪೋ ಮೇಲೆ ಬಂದು ಇಳಿಯುತ್ತಿತ್ತು. ಚೈತ್ರದಲ್ಲಿ ಅರಳುವುದರಿಂದ ಇದಕ್ಕೆ ಚೈತಿ ಗುಲಾಬ್ ಎನ್ನುತ್ತಾರೆ. ನಮ್ಮ ಹೂವಾಡಗಿತ್ತಿಯರ ಬುಟ್ಟಿಯ ಗುಲಾಬಿಯಷ್ಟು ಚೆಲುವಿಲ್ಲ, ಎಸಳು ತೆಳು, ಬಣ್ಣವೂ ಮಾಸಲು. ಒಂದು ಹಿಡಿ ಎತ್ತಿ ಮುಖಕ್ಕೆ ಒತ್ತಿಕೊಂಡರೆ ಮಾತ್ರ ಗೊತ್ತಾಗುತ್ತದೆ. ಇದರ ಒಂದು ಕಿಲೋ ಅಪ್ಪಟ ಎಣ್ಣೆಗೆ ಮೂರು ಟನ್ನಿಗೂ ಮೇಲೆ ಹೂವು ಬೇಕು.

ಪರಿಚಯದವರೊಬ್ಬರ ಮೂಲಕ ಒಂದು ಕಾರ್ಖಾನೆಯ ಒಳಗೆ ಬಿಟ್ಟರು. ಕಾರ್ಖಾನೆ ಎಂದರೆ ಒಂದು ಹೆಂಚಿನ ಮಾಡು, ಅದರಡಿ ಸಾಲಾಗಿ ಇಟ್ಟಿಗೆಯ ಒಲೆಗಳು. ಕರೆಂಟಿನ ಒಂದು ಬಲ್ಬು ಬಿಟ್ಟರೆ ಯಂತ್ರ ಅನ್ನುವಂಥದ್ದು ಯಾವುದೂ ಇಲ್ಲ. ನಮ್ಮಲ್ಲಿ 'ಭಟ್ಟಿ ಇಳಿಸುವುದು' ಅನ್ನುತ್ತೇವಲ್ಲ, ಅದೇ ಭಟ್ಟಿ. ಒಲೆಯ ಮೇಲೆ ತಾಮ್ರದ ದೊಡ್ಡ ಹಂಡೆ, ಅದರ ಹೆಸರು ದೇಗ್. ಹೂವು ಸುರಿದು ನೀರು ಹಾಕಿ ಮುಚ್ಚಳ ಇಟ್ಟರು. ಅಲ್ಲಿನ ಹಿರಿಯ ಕಾರಿಗರನಿಗೆ ಎಪ್ಪತ್ತು ದಾಟಿರಬೇಕು, ಎಲ್ಲರೂ ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ಜೇಡಿಮಣ್ಣಿಗೆ ಹತ್ತಿ ಸೇರಿಸಿ ರೊಟ್ಟಿ ಹಿಟ್ಟಿನ ಹಾಗೆ ನಾದಿ, ಹಗ್ಗದಂತೆ ಹೊಸೆದು ಮುಚ್ಚಳದ ಅಂಚಿನ ಸುತ್ತ ಕೂರಿಸಿದರು. ಹೆಬ್ಬೆರಳಿನಿಂದ ಒತ್ತುತ್ತಾ ಹೋದ ಗುರುತು ಸುತ್ತಲೂ ಒಂದೇ ಅಳತೆಯಲ್ಲಿ ಮೂಡಿತು. ಒಂದು ಕೂದಲೆಳೆಯಷ್ಟು ಸಂದು ಉಳಿದರೂ ಇಡೀ ದಿನದ ಹೂವು ಗಾಳಿಗೆ ಹೋಗುತ್ತದೆ.

ದೇಗಿನಿಂದ ಒಂದು ಬಿದಿರಿನ ಕೊಳವೆ ಇಳಿಜಾರಾಗಿ ಇಳಿಯುತ್ತದೆ, ಚೋಂಗಾ ಎನ್ನುತ್ತಾರೆ, ಮೈತುಂಬ ನಾರಿನ ಹಗ್ಗ ಸುತ್ತಿರುತ್ತಾರೆ. ಅದರ ಇನ್ನೊಂದು ತುದಿ ಉದ್ದ ಕತ್ತಿನ ತಾಮ್ರದ ಪಾತ್ರೆಗೆ. ಅದು ಭಪಕಾ. ಭಪಕಾ ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿ ಕೂತಿರುತ್ತದೆ, ಅದರೊಳಗೆ ಮೊದಲೇ ಹಾಕಿಟ್ಟ ಶ್ರೀಗಂಧದ ಎಣ್ಣೆ. ಹೂವಿನ ಆವಿ ಬಂದು ತಣಿದು ಆ ಎಣ್ಣೆಯೊಳಗೆ ಇಳಿಯುತ್ತದೆ. ಗುಲಾಬಿಯ ಜೀವ ಹಗುರ, ನಿಲ್ಲುವುದಿಲ್ಲ, ಹಾರಿಹೋಗುತ್ತದೆ. ಗಂಧದ ಎಣ್ಣೆ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಜ್ಜ ಹೇಳುತ್ತಿದ್ದುದು ಇದನ್ನೇ.

ಥರ್ಮಾಮೀಟರ್ ಇಲ್ಲ, ಗಡಿಯಾರ ಇಲ್ಲ. ಚಾಚಾ ಆಗಾಗ ತೊಟ್ಟಿಗೆ ಕೈ ಇಳಿಸಿ ಭಪಕಾದ ಕತ್ತನ್ನು ಮುಟ್ಟಿ ನೋಡುತ್ತಿದ್ದರು, ಜ್ವರ ಬಂದ ಮಗುವಿನ ಕತ್ತು ಮುಟ್ಟಿ ನೋಡಿದ ಹಾಗೆ. ದೇಗಿಗೆ ಕಿವಿ ಹತ್ತಿರ ತಂದು ಕುದಿಯುವ ಸದ್ದು ಕೇಳುತ್ತಿದ್ದರು. ಒಂದು ಬೆರಣಿ ಎಳೆದರು, ಒಂದು ಕೊಳ್ಳಿ ಮುಂದೆ ತಳ್ಳಿದರು. ಭಪಕಾ ತುಂಬಿತು ಅನ್ನಿಸಿದಾಗ ಒದ್ದೆ ಬಟ್ಟೆಯನ್ನು ದೇಗಿನ ಮೈಗೆ ಒತ್ತಿದರು, ಕುದಿ ತಟ್ಟನೆ ನಿಂತಿತು. ರಾತ್ರಿ ತಣಿಯಲು ಬಿಟ್ಟು, ಬೆಳಿಗ್ಗೆ ಅಡಿಯ ತೂತಿನಿಂದ ನೀರು ಬಸಿದು ಅದೇ ನೀರನ್ನು ಮತ್ತೆ ದೇಗಿಗೆ ಹಾಕಿ, ಹೊಸ ಹೂವು. ಹೀಗೆ ದಿನದ ಮೇಲೆ ದಿನ, ಎಣ್ಣೆ ಇನ್ನು ಸಾಕು ಅನ್ನುವವರೆಗೆ. ಕೊನೆಗೆ ಒಂಟೆಯ ತೊಗಲಿನ ಕುಪ್ಪಿಗೆ ತುಂಬಿಡುತ್ತಾರೆ, ಉಳಿದ ನೀರಿನ ಪಸೆ ಆ ತೊಗಲಿನಿಂದ ಬೆವರಿ ಹೋಗುತ್ತದೆ, ಎಣ್ಣೆ ಒಳಗೆ ಉಳಿಯುತ್ತದೆ.

ಅಜ್ಜನ ಶೀಷೆಯ ಗುಟ್ಟೂ ಇಲ್ಲೇ ಸಿಕ್ಕಿತು. ಮಣ್ಣಿನ ಅತ್ತರಿಗೆ ದೇಗಿನಲ್ಲಿ ಹೂವಿನ ಬದಲು ಕುಂಬಾರರು ಸುಟ್ಟುಕೊಟ್ಟ ಮಣ್ಣಿನ ಬಿಲ್ಲೆಗಳನ್ನು ಹಾಕುತ್ತಾರೆ. ನೆಲಕ್ಕೆ ನೀರು ಬಿದ್ದಾಗ ಏಳುವ ವಾಸನೆ ಆವಿಯಾಗಿ ಬಂದು ಗಂಧದೊಳಗೆ ಕೂರುತ್ತದೆ. 1964ರಲ್ಲಿ ಆಸ್ಟ್ರೇಲಿಯದ ಇಬ್ಬರು ರಸಾಯನ ವಿಜ್ಞಾನಿಗಳು, ಬೇರ್ ಮತ್ತು ಥಾಮಸ್, ಈ ವಾಸನೆಗೆ 'ಪೆಟ್ರಿಕೋರ್' ಎಂದು ಹೆಸರಿಟ್ಟರು. ಉತ್ತರಪ್ರದೇಶದ ಜನ ಇದನ್ನು ಎಂದೋ ಎಣ್ಣೆಯಲ್ಲಿ ಹಿಡಿದಿಟ್ಟು 'ಮಿಟ್ಟಿ ಕಾ ಅತ್ತರ್' ಎಂದು ಮಾರುತ್ತಿದ್ದಾರೆ ಎಂಬುದು ಅವರಿಗೂ ತಿಳಿದಿತ್ತು. ಅರಮನೆಗಳೆಲ್ಲ ಮಣ್ಣಾಗಿ ಹೋದ ಊರಿನವರು ಆ ಮಣ್ಣನ್ನೇ ಶೀಷೆಗೆ ಇಳಿಸಿದರು.

ಆದರೆ ಗಂಧ? ನಾನು ಮೈಸೂರಿನವನು ಎಂದ ತಕ್ಷಣ ಚಾಚಾ ಕೆಲಸ ನಿಲ್ಲಿಸಿ ನನ್ನ ಕಡೆ ತಿರುಗಿದರು. ಮೈಸೂರು ಎನ್ನುವ ಹೆಸರು ಆ ಓಣಿಗಳಲ್ಲಿ ಊರಿನ ಹೆಸರಲ್ಲ, ಒಂದು ಸರಕಿನ ಹೆಸರು. ಟಿಪ್ಪು 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷ ಎಂದು ಸಾರಿದಾಗಿನಿಂದ ಅದು ಸರ್ಕಾರದ ಸ್ವತ್ತಾಗಿತ್ತು. ಮೊದಲ ಮಹಾಯುದ್ಧದಿಂದ ಯುರೋಪಿಗೆ ಕೊರಡು ಕಳಿಸುವುದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1916ರಲ್ಲಿ, ನಮ್ಮಲ್ಲೇ ಎಣ್ಣೆ ತೆಗೆಯುವ ಕಾರ್ಖಾನೆ ಶುರುವಾಯಿತು. ನಮ್ಮ ಕಡೆಯ ಕೊರಡು, ನಮ್ಮ ಕಡೆಯ ಎಣ್ಣೆ ಕನೌಜಿನ ಭಪಕಾಗಳಿಗೆ ಹೋಗಿ ಸೇರುತ್ತಿದ್ದವು. ನಮ್ಮ ಗಂಧವಿಲ್ಲದೆ ಅವರ ಅತ್ತರಿಲ್ಲ. ಇಂದ್ರನ ಆನೆಗಳ ಕಥೆಗಿಂತ ಈ ನಂಟು ನನಗೆ ದೊಡ್ಡದಾಗಿ ಕಾಣುತ್ತದೆ.

ಈ ನಂಟು ಈಗ ಕಡಿದುಬಿದ್ದಿದೆ. ಕಾಡಿನಲ್ಲಿ ಮರ ಉಳಿಯಲಿಲ್ಲ. ಮರ ಸರ್ಕಾರದ್ದು ಎಂದಾಗ ರೈತ ತನ್ನ ಹೊಲದಲ್ಲಿ ಹುಟ್ಟಿದ ಸಸಿಯನ್ನೇ ಕಿತ್ತೆಸೆದ, ಕಳ್ಳರು ಉಳಿದದ್ದನ್ನು ಕಡಿದರು. ಎಣ್ಣೆಯ ಬೆಲೆ ಕಿಲೋಗೆ ಲಕ್ಷ ರೂಪಾಯಿ ದಾಟಿತು. ಕನೌಜಿನ ಎಷ್ಟೋ ಭಪಕಾಗಳಲ್ಲಿ ಈಗ ಇರುವುದು ಲಿಕ್ವಿಡ್ ಪ್ಯಾರಾಫಿನ್ ಎನ್ನುವ ಖನಿಜ ಎಣ್ಣೆ. ಅದಕ್ಕೆ ತನ್ನದೊಂದು ಘಮ ಇಲ್ಲ, ಹೂವನ್ನು ಹಿಡಿದಿಟ್ಟುಕೊಂಡು ಮಾಗಿಸುವ ಗುಣ ಇಲ್ಲ. 1991ರಿಂದ ಸುಗಂಧ ಅಭಿವೃದ್ಧಿ ಕೇಂದ್ರವೊಂದು ಊರಲ್ಲಿದೆ, ಭೌಗೋಳಿಕ ಸೂಚಕದ ಮನ್ನಣೆಯೂ ಸಿಕ್ಕಿದೆ. ಆದರೂ ಇಲ್ಲಿನ ಗುಲಾಬಿ, ಕೇದಗೆ ಘಮದ ದೊಡ್ಡ ಗಿರಾಕಿಗಳು ಪಾನ್ ಮಸಾಲಾ, ಜರ್ದಾ ಮಾಡುವವರು. ಇಷ್ಟು ನಾಜೂಕಿನ ಕೆಲಸ ಹೊಗೆಸೊಪ್ಪಿನ ಪುಡಿಗೆ ಹೋಗಿ ಸೇರುತ್ತದೆ ಎನ್ನುವುದನ್ನು ಹೇಗೆ ಸಹಿಸಲಿ?

"ಈಗ ನಿಮ್ಮ ಕಡೆ ಮರ ಇದೆಯಾ ಬೇಟಾ?" ಎಂದರು ಚಾಚಾ.

2001ರಲ್ಲಿ ಕಾನೂನು ತಿದ್ದಿದ ಮೇಲೆ ರೈತರು ತಮ್ಮ ಜಮೀನಿನಲ್ಲಿ ಬೆಳೆದ ಮರಕ್ಕೆ ತಾವೇ ಒಡೆಯರು, ಹಾಗಾಗಿ ಈಗ ಅಲ್ಲಲ್ಲಿ ನೆಡುತ್ತಿದ್ದಾರೆ ಎಂದೆ. ಹುಣಸೂರಿನ ಹತ್ತಿರ ನಮ್ಮ ಚಿಕ್ಕಪ್ಪನೂ ಇನ್ನೂರು ಸಸಿ ಹಾಕಿದ್ದಾರೆ, ಪಕ್ಕದಲ್ಲಿ ತೊಗರಿ ಇದೆ, ಏಕೆಂದರೆ ಗಂಧದ ಬೇರು ಪಕ್ಕದ ಗಿಡದ ಬೇರಿನಿಂದ ಹೀರಿಕೊಂಡೇ ಬದುಕಬೇಕು ಎಂದೆ. ಅದು ಅವರಿಗೆ ಹೊಸ ಸಂಗತಿ. ಕಣ್ಣರಳಿಸಿ ಕೇಳಿದರು. "ಚೇಗು ಕೂರೋಕೆ ಎಷ್ಟು ವರ್ಷ?" ಎಂದರು.

"ಹದಿನೈದಾದರೂ ಬೇಕು ಚಾಚಾ. ನಮ್ಮದು ಈಗ ನಾಲ್ಕು ವರ್ಷದ್ದು."

ಅವರು ಬೆರಳು ಮಡಚಿ ಏನನ್ನೋ ಎಣಿಸಿದರು. ಒಳಗೆ ಹೋಗಿ ಗೂಡಿನಿಂದ ಒಂದು ಹಳೆಯ ಕುಪ್ಪಿ ತಂದರು. ಗಂಧದ ಎಣ್ಣೆಯ ಮೇಲೆ ಇಳಿಸಿದ ಮಣ್ಣಿನ ಅತ್ತರು, ಈಗ ಮಾರುವುದಿಲ್ಲ ಎಂದರು. ಗಾಜಿನ ಕಡ್ಡಿ ಅದ್ದಿ ನನ್ನ ಮಣಿಕಟ್ಟಿನ ಒಳಬದಿಗೆ ಎಳೆದರು. ಮೊದಲು ಮಳೆ ಬಂತು. ಅದು ತೆಳುವಾಗುತ್ತಾ ಹೋದ ಹಾಗೆ ಹಿಂದಿನಿಂದ ನಿಧಾನವಾಗಿ ನಮ್ಮ ದೇವರ ಮನೆಯ ಸಾಣೆಕಲ್ಲಿನ ವಾಸನೆ ಎದ್ದಿತು.

ಕಾನ್ಪುರದ ರೈಲಿನ ಹೊತ್ತಾಗಿತ್ತು. ಚಾಚಾ ಮತ್ತೆ ತೊಟ್ಟಿಯ ಬಳಿ ಕೂತು ಭಪಕಾದ ಕತ್ತಿಗೆ ಕೈ ಇಟ್ಟಿದ್ದರು. "ನಿಮ್ಮ ಚಿಕ್ಕಪ್ಪನಿಗೆ ಹೇಳು, ಬೇಗ ಕಡಿಯೋದು ಬೇಡ" ಎಂದರು ಕೈ ತೆಗೆಯದೆ.